ಬೆಲ್ಲಮಿ ಎಂಬ ಅಡ್ಡಹೆಸರು

ನಮ್ಮ ಊರಿನಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಬಂದ ಹೆಂಗಸರು ಮೊದಲು ಅದರ ಮುಷ್ಟಿ ಬಿಡಿಸಿ ಬೆರಳು ನೋಡುತ್ತಾರೆ. ಬೆರಳು ಮೊಂಡಾಗಿದ್ದರೆ ಹಗುರಾಗಿ ಉಸಿರು ಬಿಟ್ಟು ಜೋಗುಳ ಶುರು ಮಾಡುತ್ತಾರೆ. ಉದ್ದವಾಗಿ, ತುದಿಗೆ ಸಪೂರಾಗಿ ಇದ್ದರೆ ಯಾರೂ ಏನೂ ಆಡುವುದಿಲ್ಲ. ತಾಯಿಯ ಉಡಿಗೆ ಇನ್ನೊಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕಿ ಬೇಗ ಬೇಗ ಮನೆಗೆ ಹೋಗಿಬಿಡುತ್ತಾರೆ. ನನ್ನ ಮಗಳಿಗೆ ತೊಟ್ಟಿಲು ಕಟ್ಟಿದ ದಿನ ನನ್ನ ಉಡಿ ಬಹಳ ಭಾರವಾಗಿತ್ತು.

ಅವಳ ಹೆಸರನ್ನು ನಾನು ಹೇಳುವುದಿಲ್ಲ. ಹೇಳಲು ಮನಸ್ಸಿದೆ, ಬಾಯಿಗೆ ಬರುವುದಿಲ್ಲ. ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ.

ನಮ್ಮದು ಸುಣ್ಣ ಸುಡುವ ಊರು. ಊರ ಮೂಡಣಕ್ಕೆ ಸಾಲಾಗಿ ಹನ್ನೊಂದು ಭಟ್ಟಿಗಳಿವೆ. ಬೇವಿನ ಗಿಡದ ಎಲೆಯಿಂದ ಹಿಡಿದು ಎಮ್ಮೆಯ ಬೆನ್ನಿನವರೆಗೆ ಎಲ್ಲದರ ಮೇಲೂ ಬಿಳಿ ಧೂಳು ಕೂತಿರುತ್ತದೆ. ಬೇರೆ ಊರುಗಳಲ್ಲಿ ಹಬ್ಬ ಬಂತೆಂದರೆ ಗೋಡೆಗೆ ಸುಣ್ಣ ಬಳಿಯುತ್ತಾರಂತೆ. ನಾವು ಅದೇ ಹಬ್ಬಕ್ಕೆ ಸಗಣಿಯಲ್ಲಿ ಒಲೆಯ ಮಸಿ ಕಲಸಿ ಗೋಡೆಗಳನ್ನು ಕಪ್ಪು ಮಾಡುತ್ತೇವೆ. ಬಿಳಿ ಗೋಡೆಯೂ ಇದ್ದಲಿಯ ಚೂರೂ ಒಂದೇ ಕಡೆ ಇದ್ದರೆ ಯಾವ ಮಗು ಸುಮ್ಮನೆ ಕೂತೀತು? ಇದ್ದಲಿಯನ್ನು ಡಬ್ಬಿಯಲ್ಲಿಟ್ಟು ಬೀಗ ಹಾಕುತ್ತೇವೆ. ಅಂಗಳಕ್ಕೆ ರಂಗೋಲಿಯನ್ನು ಕೈಯಿಂದ ಎಳೆಯುವುದಿಲ್ಲ, ತೂತು ಕೊರೆದ ತಗಡಿನ ಮೇಲೆ ಪುಡಿ ಸುರಿದು ತಟ್ಟುತ್ತೇವೆ. ಮದುವೆಯಲ್ಲಿ ಮದರಂಗಿಯನ್ನು ಅಂಗೈ ತುಂಬ ಮೆತ್ತಿ ಬಿಡುತ್ತೇವೆ. ಶಾಲೆಯಲ್ಲಿ ಹೂವು, ಹಣ್ಣು ಬರೆಯುವ ತಾಸು ಇಲ್ಲ, ಒಂದು ನಕಾಶೆಯೂ ಇಲ್ಲ.

ಇಷ್ಟೆಲ್ಲ ಮಾಡಿದರೂ ಹತ್ತು ಹದಿನೈದು ವರ್ಷಕ್ಕೊಮ್ಮೆ ಯಾವುದಾದರೂ ಮನೆಯ ಮೇಲೆ ಆ ಹೆಸರು ಬಂದು ಬೀಳುತ್ತದೆ. ಬೆಲ್ಲಮಿ. ಅದು ಇಂಗ್ಲಿಷರ ಅಡ್ಡಹೆಸರು. ನಮ್ಮ ಅಜ್ಜಂದಿರ ಅಜ್ಜಂದಿರ ಕಾಲಕ್ಕೆ ಭಟ್ಟಿ ನೋಡಲು ಬಂದ ಒಬ್ಬ ದೊರೆಗೆ ಆ ಹೆಸರಿತ್ತು. ಆತ ಹಕ್ಕಿಗಳ ಚಿತ್ರ ಬರೆಯುತ್ತಿದ್ದ. ಆತ ಹೋದ, ಹೆಸರು ಉಳಿಯಿತು. ಪುರಸಭೆಯ ಪಡಸಾಲೆಯಲ್ಲಿ ಉದ್ದನೆಯ ಹಲಗೆಯ ಮೇಲೆ ಆ ಹೆಸರಿನವರೆಲ್ಲರ ಪಟ್ಟಿ ಇದೆ. ಎಲ್ಲರೂ ಬೆಲ್ಲಮಿಗಳೇ ಆದ್ದರಿಂದ ಗುರುತಿಗೆ ಕೈಕೆಲಸವನ್ನು ಸೇರಿಸಿ ಬರೆದಿದ್ದಾರೆ. ಹಕ್ಕಿಯ ಬೆಲ್ಲಮಿ, ಕಲ್ಲಿನ ಬೆಲ್ಲಮಿ, ತಾಮ್ರದ ಹಾಳೆಯ ಮೇಲೆ ಉಳಿಯಿಂದ ಊರು ಕೇರಿ ಕೊರೆದ ತಾಮ್ರದ ಬೆಲ್ಲಮಿ, ನಾಟಕ ಕಂಪನಿಗಳಿಗೆ ಪರದೆ ಬರೆಯುವ ಪರದೆ ಬೆಲ್ಲಮಿ, ಎದುರಿಗೆ ಕೂತವರನ್ನು ಬರೆಯುವ ಮುಖದ ಬೆಲ್ಲಮಿ. ಹೊರಗಿನಿಂದ ಬಂದವರು ಆ ಹಲಗೆ ಓದಿ, ಒಂದೇ ಮನೆತನದಲ್ಲಿ ಎಷ್ಟು ಜನ ಕಲಾವಿದರು ಎಂದು ತಲೆದೂಗುತ್ತಾರೆ. ನಾವು ಏನೂ ಹೇಳುವುದಿಲ್ಲ. ಅವರಲ್ಲಿ ಒಬ್ಬಾಕೆ ಕಮ್ಮಾರರ ಮಗಳು, ಒಬ್ಬ ಹೂಗಾರರ ಮಗ, ಒಬ್ಬ ಪಿಂಜಾರರ ಓಣಿಯಲ್ಲಿ ಹುಟ್ಟಿದವನು. ಹೆಸರು ಬಿದ್ದ ಮೇಲೆ ಇಪ್ಪತ್ತೊಂದು ದಿನಕ್ಕೆ ಅವರು ಹೆತ್ತವರನ್ನೂ ಹುಟ್ಟಿದ ಮನೆಯನ್ನೂ ಪೂರ್ತಿ ಮರೆತು, ಭಟ್ಟಿಗಳ ಆಚೆ ಇರುವ ಗಾಜಿನ ಕಿಟಕಿಗಳ ದೊಡ್ಡ ಮನೆಗೆ ನಡೆದುಕೊಂಡು ಹೋಗುತ್ತಾರೆ. ಅಲ್ಲಿ ಒಬ್ಬರನ್ನೊಬ್ಬರು ಅಣ್ಣ, ಅಕ್ಕ, ತಂಗಿ ಎಂದು ಕರೆಯುತ್ತಾರೆ. ದುಃಖದ ಗುರುತೂ ಅವರಿಗಿಲ್ಲ. ನಮಗೆ ಭಯವಾಗುವುದು ಅದಕ್ಕೇ.

ನನ್ನ ಮಗಳಿಗೆ ಒಂಬತ್ತು ತುಂಬಿ ಹತ್ತು ನಡೆಯುತ್ತಿತ್ತು. ಎಡಚಿ. ಒಂದು ಬೆಳಿಗ್ಗೆ ಹಿಟ್ಟು ತರಲು ಒಳಗಿನ ಕೋಣೆಗೆ ಹೋದೆ. ಗಡಿಗೆ ತೂಗಿಸಿದ ನೆಲುವಿನ ಕೆಳಗೆ, ಜೋಳ ತುಂಬುವ ಹಗೇವಿನ ಮಗ್ಗುಲಿಗೆ, ಬೆಕ್ಕೊಂದು ಮೈ ಮುದುರಿಕೊಂಡು ಹಾಲಿನ ಗಡಿಗೆಯ ಕಡೆ ಕತ್ತು ಎತ್ತಿ ಕೂತಿತ್ತು. ಅಟ್ಟಲು ಕೈ ಎತ್ತಿದೆ. ಬಾಯಿ ಇನ್ನೇನು ತೆರೆಯಬೇಕು, ಬೆಕ್ಕು ಅಲುಗಾಡದಿದ್ದುದು ಕಂಡಿತು. ಮಸಿಯ ಗೋಡೆಯ ಮೇಲೆ ಮೊಳೆಯಿಂದ ಗೀಚಿ ಗೀಚಿ ಒಳಗಿನ ಬಿಳಿ ಮಣ್ಣು ಕಾಣುವಂತೆ ಮಾಡಿದ ಬೆಕ್ಕು ಅದು. ಕಿವಿಯ ಅಂಚಿನ ಕೂದಲೂ ಬೇರೆ ಬೇರೆ ಕಾಣುತ್ತಿದ್ದವು. ಎತ್ತಿದ ಕೈ ಹಾಗೇ ನಿಂತಿತು. ಎಷ್ಟು ಚಂದ ಇದೆ ಎಂದು ಒಂದು ಕ್ಷಣ ಅನಿಸಿದ್ದು ಸುಳ್ಳಲ್ಲ. ಮರುಕ್ಷಣ ಹಿತ್ತಿಲಿಗೆ ಹೋದೆ. ಸಗಣಿ ಬುಟ್ಟಿ ತಂದು ಬೆಕ್ಕಿನ ಮೇಲೆಲ್ಲ ಮೆತ್ತಿದೆ. ಮೆತ್ತುವಾಗಲೂ ಅದರ ಕಣ್ಣಿಗೆ ಬೆರಳು ತಾಗಿಸಲು ಹೆದರಿಕೆಯಾಯಿತು.

ಬಾಗಿಲು ಮುಂದೆ ಮಾಡಿ ಕಾಶವ್ವ ಆಯಿಯ ಮನೆಗೆ ಓಡಿದೆ. ಪರದೆ ಬೆಲ್ಲಮಿಯನ್ನು ಹೆತ್ತವಳು ಅವಳು. ಮಗ ಹೋಗಿ ಮೂವತ್ತು ವರ್ಷವಾಗಿದ್ದರೂ ಇಂಥ ಮಾತನ್ನು ಕೇಳಬೇಕಾದರೆ ಊರಿನವರು ಹೋಗುವುದು ಅವಳ ಹತ್ತಿರವೇ. ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದಳು. ನನ್ನ ಮುಖ ನೋಡಿದವಳೇ ಎಲೆ ಕೆಳಗಿಟ್ಟಳು.

“ಅದನ್ನ ನೀ ಮಾತಾಡಿಸಿದೇನ?” ಎಂದು ಕೇಳಿದಳು.

“ಇಲ್ಲ ಆಯಿ. ಕೈ ಎತ್ತಿದೆ. ಬಾಯಿ ತೆಗಿಲಿಲ್ಲ.”

“ಹಂಗಾರ ಉಳಕೊಂಡಿ. ಖರೇ ಅಂತ ತಿಳದು ಯಾರರ ಒಬ್ಬರು ಚಿತ್ರದ ಕೂಡ ಮಾತಾಡಬೇಕು, ಆವಾಗ ಹೆಸರು ಬೀಳತದ. ನನ್ನ ಮಗ ಹಾಸಿಗಿ ಬಟ್ಟಿ ಮ್ಯಾಲೆ ಹೊಳಿ ಬರದಿದ್ದ. ನಾನ ಸೀರಿ ಎತ್ತಿ ಹಿಡಕೊಂಡು, ‘ನೀರು ಎಲ್ಲಿಮಟ ಅದಾವೋ ತಮ್ಮಾ’ ಅಂದೆ. ಮತ್ಯಾರೂ ಅಲ್ಲ, ನಾನ.” ಅವಳು ಎಲೆಯನ್ನು ಮತ್ತೆ ಎತ್ತಿಕೊಂಡಳು. “ಹೋಗು, ಹೆಸರು ಹಿಡದು ಕರಿ. ನಾಲಿಗಿ ತಿರಗಿದ್ರ ಕೂಸು ಇನ್ನೂ ನಿಂದ.”

ಶಾಲೆಯ ಗೇಟಿನ ತನಕ ಓಡಿ, ಮಗಳ ಹೆಸರು ಹಿಡಿದು ಕೂಗಿದೆ. ನಾಲಿಗೆ ತಿರುಗಿತು. ಆಟದ ಬಯಲಿನಿಂದ ಅವಳು ಓಡಿ ಬಂದಳು. ಅಷ್ಟು ಹುಡುಗರ ಎದುರಿಗೆ ನಾನು ಅವಳ ಹೆಸರನ್ನು ನಾಲ್ಕು ಸಲ, ಐದು ಸಲ ಕರೆದೆ. ಅವಳು ನಾಚಿಕೊಂಡು, “ಯಾಕಬೇ, ಇಲ್ಲೇ ಅದೀನಲ್ಲ” ಎಂದಳು.

ಗಂಡನಿಗೆ ಸಂಜೆಯೇ ಹೇಳಿದೆ. ನನ್ನ ಗಂಡ ಈರಭದ್ರ ಮೂರನೆಯ ಭಟ್ಟಿಯಲ್ಲಿ ಬೆಂಕಿ ನೋಡುವ ಕೆಲಸ ಮಾಡುತ್ತಾನೆ. ಕೇಳಿದವನೇ ಎದ್ದ. ಹಳೆಯ ಧೋತರ ಹರಿದು ಉದ್ದ ಪಟ್ಟಿ ಮಾಡಿ ಮಗಳನ್ನು ಎದುರು ಕೂಡಿಸಿಕೊಂಡು ಅವಳ ಎಡಗೈಯನ್ನು ಬೆರಳಿನ ತುದಿಯಿಂದ ಮುಂಗೈ ತನಕ ಸುತ್ತಿದ. “ಯಾರರ ಕೇಳಿದ್ರ ಸುಣ್ಣದ ನೀರಾಗ ಸುಟ್ಟದ ಅನ್ನು” ಎಂದ. ನಮ್ಮ ಊರಿನಲ್ಲಿ ಸುಟ್ಟ ಕೈ ಅಪರೂಪವಲ್ಲ. ಯಾರೂ ಎರಡನೆಯ ಸಲ ಕೇಳಲಿಲ್ಲ.

ಎಂಟು ತಿಂಗಳು ಆ ಕೈ ಕಟ್ಟಿಯೇ ಇತ್ತು. ಸ್ನಾನಕ್ಕೆ ಮಾತ್ರ ಬಿಚ್ಚುತ್ತಿದ್ದೆ, ಅದೂ ಬಾಗಿಲು ಹಾಕಿಕೊಂಡು. ಅವಳು ಅಳಲಿಲ್ಲ, ಹಟ ಮಾಡಲಿಲ್ಲ. ಬಲಗೈಯಲ್ಲಿ ಉಣ್ಣಲು, ಬರೆಯಲು ಕಲಿತಳು. ಆದರೆ ಊಟಕ್ಕೆ ಕೂತಾಗ ಬಟ್ಟೆಯ ಒಳಗೆ ಬೆರಳು ಹರಿದಾಡುವುದು ನನಗೆ ಕಾಣುತ್ತಿತ್ತು. ಕೆಲವು ಸಲ ಒಂದು ಕಣ್ಣು ಅರೆ ಮುಚ್ಚಿ ನನ್ನನ್ನು, ಒಲೆಯನ್ನು, ಬಾಗಿಲಲ್ಲಿ ನಿಂತ ಬಿಸಿಲನ್ನು ಒಂದೇ ರೀತಿ ನೋಡುತ್ತಿದ್ದಳು. ಹಾಗೆ ನೋಡಿದಾಗಲೆಲ್ಲ ನಾನು ಏನೋ ನೆವ ಹೇಳಿ ಅವಳ ಹೆಸರು ಕರೆಯುತ್ತಿದ್ದೆ. ಹೆಸರು ಬಾಯಿಗೆ ಬಂದರೆ ಎದೆ ಹಗುರಾಗುತ್ತಿತ್ತು.

ಮಗ್ಗುಲ ಮನೆಯ ಬಾಳವ್ವ ಗಂಡನನ್ನು ಕಳೆದುಕೊಂಡವಳು, ಭಟ್ಟಿಗೆ ಕಲ್ಲು ಒಡೆಯಲು ಹೋಗುತ್ತಿದ್ದಳು. ಅವಳ ಮಗಳು ತುಂಗಿಗೆ ನಾಲ್ಕು ವರ್ಷ. ಕೆಲಸಕ್ಕೆ ಹೋಗುವಾಗ ತುಂಗಿಯನ್ನು ನಮ್ಮ ಮನೆಯಲ್ಲಿ ಬಿಡುತ್ತಿದ್ದಳು. ನನ್ನ ಮಗಳು ಶಾಲೆ ಬಿಟ್ಟು ಬಂದರೆ ಆ ಕೂಸು ಅವಳ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ. ಅದಕ್ಕೆ ತಲೆ ಬಾಚುವುದು, ಕಾಡಿಗೆ ಹಚ್ಚುವುದು, ಉಣಿಸುವುದು ಎಲ್ಲ ನನ್ನ ಮಗಳದೇ. ಒಂದು ಮಂಗಳವಾರ ನಾನು ಬೀಸುಕಲ್ಲಿನ ಮುಂದೆ ಕೂತಿದ್ದೆ. ತುಂಗಿ ಅಂಗಳದಲ್ಲಿ ಆಡುತ್ತಿದ್ದಳು. ಸೇರು ಜೋಳ ಬೀಸಿ ಎದ್ದು ನೋಡಿದರೆ ಅಂಗಳ ಖಾಲಿ.

ಅಂದು ಮಧ್ಯಾಹ್ನ ನಮ್ಮ ಓಣಿಯ ಬಾಯಿಯಲ್ಲಿ ಸುಣ್ಣದ ಲಾರಿಗಳು ನಿಂತಿದ್ದವು. ನಾವು ಹುಡುಕುವಷ್ಟರಲ್ಲಿ ಏಳು ಲಾರಿ ಏಳು ಊರಿಗೆ ಹೋಗಿದ್ದವು. ಬಾವಿ ಇಳಿದು ನೋಡಿದರು, ಭಟ್ಟಿಗಳ ಸುತ್ತ ಹುಡುಕಿದರು, ಆರಿದ ಭಟ್ಟಿಯ ಒಳಗೂ ಹೊಕ್ಕರು. ಸಂಜೆಗೆ ತಾಲೂಕಿನಿಂದ ಪೊಲೀಸ್ ಫೌಜದಾರ ಬಂದ. ಕೂಸು ಯಾವುದೋ ಲಾರಿ ಹತ್ತಿ ನಿದ್ದೆ ಹೋಗಿರಬೇಕು ಎಂದ. “ಒಂದು ಫೋಟೋ ಕೊಡ್ರಿ. ಝೆರಾಕ್ಸ್ ಮಾಡಿಸಿ ಏಳೂ ಊರಿಗೆ ಕಳಸತೇನಿ” ಎಂದ. ಬಾಳವ್ವನ ಮನೆಯಲ್ಲಿ ಫೋಟೋ ಎಲ್ಲಿಂದ ಬರಬೇಕು? ಕೂಸಿಗೆ ಊರಿನ ಹೆಸರೂ ಸರಿಯಾಗಿ ಹೇಳಲು ಬರುತ್ತಿರಲಿಲ್ಲ.

“ಇಷ್ಟು ಮಂದಿ ಚಿತ್ರಗಾರರು ಇರೋ ಊರಂತ. ಒಬ್ಬರನ್ನ ಕರಸ್ರಿ” ಎಂದ ಫೌಜದಾರ.

ಮರುದಿನ ಮುಖದ ಬೆಲ್ಲಮಿ ಬಂದಳು. ಉದ್ದನೆಯ ಬಿಳಿ ಅಂಗಿ, ತಲೆಯಲ್ಲಿ ಒಂದು ಎಳೆ ನರೆ. ಒಂದು ಕಾಲಕ್ಕೆ ಇದೇ ಓಣಿಯ ಕಮ್ಮಾರರ ಮನೆಯಲ್ಲಿ ಆಡಿ ಬೆಳೆದವಳು. ಆ ಮನೆಯ ಮುಂದೆಯೇ ಹಾದು ಬಂದಳು, ತಿರುಗಿಯೂ ನೋಡಲಿಲ್ಲ. ಬಾಳವ್ವನ ಎದುರು ಕೂತು, “ಕಣ್ಣು ಹ್ಯಾಂಗಿದ್ದವು, ಹೇಳ್ರಿ” ಎಂದಳು. ದೊಡ್ಡವು ಎಂದಳು ಬಾಳವ್ವ. ಮೂಗು? ಸಣ್ಣದು. ಗಲ್ಲ? ತುಂಬಿಕೊಂಡಿದ್ದವು. ತಾಯಿಗೆ ಇನ್ನೇನು ಹೇಳಲು ಬರುತ್ತದೆ? ಬೆಲ್ಲಮಿ ಬರೆದ ಚಿತ್ರ ಬಹಳ ಚಂದವಿತ್ತು. ಬಾಳವ್ವ ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. “ಇದು ಯಾರ ಕೂಸೋ ಯವ್ವಾ, ನಂದಲ್ಲ” ಎಂದು ಕೆಳಗಿಟ್ಟಳು. ಕಾಣದ ಮುಖ ಬರೆಯುವುದು ತನ್ನಿಂದ ಆಗದು ಎಂದು ಹೇಳಿ ಬೆಲ್ಲಮಿ ಎದ್ದು ಹೋದಳು. ಅವಳ ದನಿಯಲ್ಲಿ ಮರುಕವಿತ್ತು, ಆದರೆ ಒಡೆದ ಗಡಿಗೆ ನೋಡಿ ಪಡುವಂಥ ಮರುಕ.

ನನ್ನ ಮಗಳು ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ನೋಡಿದ್ದಳು. ಮನೆಗೆ ಬಂದು, ಕಟ್ಟಿದ ಕೈಯನ್ನು ನನ್ನ ಮಡಿಲಲ್ಲಿ ಇಟ್ಟಳು.

“ನನಗ ಬರತದಬೇ.”

“ಬಾಯಿ ಮುಚ್ಚು.”

“ಹುಬ್ಬಿನ ಮ್ಯಾಗ ಗಾಯ ಆಗಿದ್ದು ಯಾರೂ ಹೇಳಲೇ ಇಲ್ಲ. ಮುಂದಿನ ಹಲ್ಲು ಒಂದು ಅರ್ಧ ಮುರದದ, ಅದನ್ನೂ ಹೇಳಲಿಲ್ಲ.”

ನಾನು ಅವಳ ಕೆನ್ನೆಗೆ ಹೊಡೆದೆ. ಅವಳನ್ನು ಹೊಡೆದದ್ದು ಅದೇ ಮೊದಲು. ಆಮೇಲೆ ಇಬ್ಬರೂ ಒಲೆಯ ಮುಂದೆ ಕೂತೆವು. ಗೋಡೆಯ ಆಚೆ ಬಾಳವ್ವ ಅಳುವುದು ನಿಂತಿತ್ತು. ಅಳು ಕೇಳುತ್ತಿದ್ದಾಗ ಆಗದ ಹೆದರಿಕೆ ಅದು ನಿಂತಾಗ ಆಯಿತು. ನನ್ನ ಅಂಗಳದಿಂದ ಹೋದ ಕೂಸು ಅದು. ನಾನು ಬೀಸುಕಲ್ಲು ಬಿಟ್ಟು ಒಮ್ಮೆ ತಲೆ ಎತ್ತಿದ್ದರೆ ಸಾಕಿತ್ತು. ಬಾಳವ್ವ ನನ್ನನ್ನು ಒಂದು ಮಾತೂ ಅಂದಿರಲಿಲ್ಲ. ನನ್ನ ಮಗಳ ಕೈಯಲ್ಲಿ ಏನಿದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ, ಗೊತ್ತಾಗುವುದೂ ಇರಲಿಲ್ಲ. ನಾನು ಸುಮ್ಮನಿದ್ದರೆ ಯಾರೂ ನನ್ನನ್ನು ಬೆರಳು ಮಾಡಿ ತೋರಿಸುವುದಿಲ್ಲ. ಇದನ್ನೇ ಹೇಳಿಕೊಂಡು ಆ ದಿನ ಕಳೆದೆ.

ಮೂರನೆಯ ದಿನ ಊರ ಗಂಡಸರೆಲ್ಲ ಹಳ್ಳದ ಕಡೆ ಹುಡುಕಲು ಹೋಗಿದ್ದರು, ನನ್ನ ಗಂಡನೂ ಹೋಗಿದ್ದ. ಬಾಳವ್ವನಿಗೆ ಗಂಜಿ ಕುಡಿಸಲು ಹೋದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತುಂಗಿಯ ಲಂಗವನ್ನು ಮಡಚಿ ತಲೆಯ ಕೆಳಗೆ ಇಟ್ಟುಕೊಂಡಿದ್ದಳು. “ನೀಲಕ್ಕ, ಅಕಿ ಮುಖ ನನಗ ಸರಿಯಾಗಿ ನೆನಪಿಗೆ ಬರವಲ್ದು” ಎಂದಳು. “ಮೂರು ದಿನಕ್ಕ ಹಿಂಗಾದ್ರ ಮುಂದ ಹ್ಯಾಂಗ?”

ಮನೆಗೆ ಬಂದು ಮಗಳ ಮುಂದೆ ಕೂತೆ. ಬರೆದರೆ ಏನಾಗುತ್ತದೆ ಎಂದು ನಮ್ಮ ಊರಿನ ಮಕ್ಕಳಿಗೆ ಬೇರೆ ಹೇಳಿಕೊಡಬೇಕಾಗಿಲ್ಲ. ಆದರೂ ಕೇಳಿದೆ, “ನಿನಗ ಅಂಜಿಕಿ ಇಲ್ಲೇನ?”

“ಅದ” ಎಂದಳು. ಕಟ್ಟಿದ ಕೈಯನ್ನು ನನ್ನ ಕಡೆ ಚಾಚಿದಳು. “ಆದ್ರ ತುಂಗಿ ಹಸಗೊಂಡಿರತಾಳ. ಯಾರ ಕೈಲೂ ಉಣ್ಣೂದಿಲ್ಲ ಅಕಿ.”

ಗಂಟು ಬಿಚ್ಚಲು ನನ್ನ ಬೆರಳುಗಳಿಗೆ ಆಗಲಿಲ್ಲ, ಹಲ್ಲಿನಿಂದ ಕಚ್ಚಿ ಬಿಚ್ಚಿದೆ. ಬಟ್ಟೆಯ ಒಳಗಿದ್ದ ಕೈ ಬೆಳ್ಳಗೆ, ನೀರಿನಲ್ಲಿ ನೆನೆದ ಹಾಗೆ ಸುಕ್ಕುಗಟ್ಟಿತ್ತು. ಹಳೆಯ ಕ್ಯಾಲೆಂಡರಿನ ಹಾಳೆ ಕಿತ್ತು ಹಿಂಬದಿ ತಿರುಗಿಸಿ ಕೊಟ್ಟೆ. ಡಬ್ಬಿಯ ಬೀಗ ತೆಗೆದು ಒಂದು ತುಂಡು ಇದ್ದಲಿ ಕೊಟ್ಟೆ. ಬಾಳವ್ವನನ್ನು ಒಬ್ಬಳನ್ನೇ ಬಿಡಲು ಧೈರ್ಯವಾಗದೆ ಮಗಳನ್ನು ಅಲ್ಲಿಗೇ ಕರೆದುಕೊಂಡು ಹೋದೆ, ಅವಳು ಇನ್ನೂ ಗೋಡೆಯ ಕಡೆಯೇ ಮುಖ ಮಾಡಿ ಮಲಗಿದ್ದಳು. ನೆಲದ ಮೇಲೆ, ಕಿಂಡಿಯ ಬಿಸಿಲು ಬೀಳುವ ಕಡೆ ನನ್ನ ಮಗಳು ಮೊಣಕಾಲೂರಿ ಕೂತಳು. ಮೊದಲು ಹಣೆಗೆ ಅಂಟಿದ ಎಣ್ಣೆಗೂದಲು ಬರೆದಳು. ಆಮೇಲೆ ಹುಬ್ಬಿನ ಮೇಲಿನ ಗಾಯ. ಆಮೇಲೆ ಮುರಿದ ಹಲ್ಲು ಕಾಣುವಂತೆ ಅರ್ಧ ತೆರೆದ ಬಾಯಿ. ಕಡೆಗೆ ಕಣ್ಣಿಗೆ ಬಂದಳು. ಎಡಗಣ್ಣಿನ ಕಾಡಿಗೆ ಯಾವಾಗಲೂ ಹರಡಿಕೊಂಡೇ ಇರುತ್ತಿತ್ತು, ಅದನ್ನು ಹೆಬ್ಬೆರಳಿನಿಂದ ಒರೆಸಿ ಹಾಗೆಯೇ ಮಾಡಿದಳು. ಎಂಟು ತಿಂಗಳು ಕಟ್ಟಿಹಾಕಿದ್ದ ಕೈ ಒಮ್ಮೆಯೂ ತಡೆಯಲಿಲ್ಲ. ಅವಳ ಮುಖದ ಮೇಲೆ ಎಂಥ ಬೆಳಕಿತ್ತೆಂದರೆ, ಅದನ್ನು ನೋಡಿ ಸಂತೋಷಪಡಬೇಕೋ ಚೀರಬೇಕೋ ತಿಳಿಯದೆ ಸೆರಗನ್ನು ಬಾಯಿಗೆ ತುರುಕಿಕೊಂಡೆ. ಚಿತ್ರ ಮುಗಿದ ಕೂಡಲೇ ಹಾಳೆಯನ್ನು ಮಡಚಿ ಫೌಜದಾರನ ಕೈಗೆ ಕೊಟ್ಟುಬಿಡಬೇಕು, ಬಾಳವ್ವನ ಕಣ್ಣಿಗೆ ಬೀಳಬಾರದು ಎಂದು ನಾನು ಲೆಕ್ಕ ಹಾಕಿದ್ದೆ. ಯಾರೂ ಮಾತಾಡಿಸದಿದ್ದರೆ ಹೆಸರು ಬೀಳುವುದಿಲ್ಲವಲ್ಲ.

ನಾನು ಹಾಳೆಗೆ ಕೈ ಹಾಕುವಷ್ಟರಲ್ಲಿ ಬಾಳವ್ವ ಈ ಕಡೆ ಹೊರಳಿದಳು. ತಲೆ ಎತ್ತಿ ನೋಡಿದಳು. ಅವಳ ಮುಖವೆಲ್ಲ ಅರಳಿತು.

“ಎಲ್ಲಿ ಹೋಗಿದ್ದೆ ನನ್ನವ್ವ?” ಎಂದು ಎರಡೂ ಕೈ ಚಾಚಿ ಆ ಹಾಳೆಯನ್ನು ಎದೆಗೆ ಅವುಚಿಕೊಂಡಳು. ಕಾಗದ ಸರಕ್ಕೆಂದಾಗ ಅವಳಿಗೆ ತಿಳಿಯಿತು. ನನ್ನ ಮಗಳ ಬಿಚ್ಚಿದ ಕೈ ನೋಡಿದಳು, ನನ್ನ ಮುಖ ನೋಡಿದಳು. “ಅಯ್ಯೋ ನೀಲಕ್ಕ, ನಾ ಏನ ಮಾಡಿಬಿಟ್ಟೆ” ಎಂದು ತಲೆ ಚಚ್ಚಿಕೊಂಡಳು.

“ಏಳು, ಮನಿಗೆ ಹೋಗೋಣ” ಎಂದೆ ಮಗಳಿಗೆ. ಆಮೇಲೆ ಅವಳ ಹೆಸರು ಕರೆಯಲು ಬಾಯಿ ತೆರೆದೆ. ಕತ್ತಲ ಮನೆಯಲ್ಲಿ ಇದೆ ಎಂದುಕೊಂಡ ಮೆಟ್ಟಿಲ ಮೇಲೆ ಕಾಲಿಡಲು ಹೋದಾಗ ಅದು ಇಲ್ಲದಿದ್ದರೆ ಹೇಗಾಗುತ್ತದೆಯೋ ಹಾಗಾಯಿತು. ಮೊದಲ ಅಕ್ಷರವೂ ಇರಲಿಲ್ಲ.

ಸಂಜೆ ಗಂಡ ಬಂದ. ಬಿಚ್ಚಿ ಬಿದ್ದಿದ್ದ ಪಟ್ಟಿಯನ್ನು ನೋಡಿದ. ಮಗಳನ್ನು ಕರೆಯಲು ಹೋದ, ಅವನ ಗಂಟಲಲ್ಲಿ ಬರಿಯ ಗಾಳಿ ಹೊರಟಿತು. ನನ್ನನ್ನು ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಸ್ತಿಲ ಮೇಲೆ ಕೂತುಬಿಟ್ಟ. ಪಟ್ಟಿಯನ್ನು ಎತ್ತಿ ಮಡಚುತ್ತ, “ನಾ ಇದ್ದಿದ್ರ ಬಿಡತಿದ್ದಿಲ್ಲ” ಎಂದ. ಮತ್ತೆ, “ಬಿಡತಿದ್ದೆನೋ ಏನೋ, ನನಗರ ಏನ ಗೊತ್ತು” ಎಂದ. ಪಡಿತರ ಚೀಟಿ ತೆಗೆದು ನೋಡಿದೆವು. ಮೂರನೆಯ ಸಾಲಿನಲ್ಲಿ ಅವಳ ಹೆಸರಿದ್ದ ಕಡೆ ಬೆಲ್ಲಮಿ ಎಂದಿತ್ತು, ಅದೇ ಗುಮಾಸ್ತನ ಅಕ್ಷರದಲ್ಲಿ, ಅದೇ ಮಾಸಿದ ಮಸಿಯಲ್ಲಿ.

ಕಳೆದುಹೋದ ಐದನೆಯ ದಿನ ತುಂಗಿ ಸಿಕ್ಕಳು. ಹೊಳೆಯ ದಂಡೆಯ ಒಂದು ಊರಿನಲ್ಲಿ ಚಹಾದಂಗಡಿಯ ಹೆಂಗಸು ಅವಳನ್ನು ಇಟ್ಟುಕೊಂಡಿದ್ದಳು. ಸುಣ್ಣದ ಡಿಪೋದ ಗೋಡೆಗೆ ಫೌಜದಾರ ಹಚ್ಚಿಸಿದ್ದ ಚಿತ್ರದ ಝೆರಾಕ್ಸ್ ಹಾಳೆಯಲ್ಲಿ ಹುಬ್ಬಿನ ಗಾಯ ನೋಡಿ ಗುರುತು ಹಿಡಿದಳಂತೆ. ಬಾಳವ್ವ ಮಗಳನ್ನು ಎತ್ತಿಕೊಂಡು ನೇರ ನಮ್ಮ ಮನೆಗೆ ಬಂದು, ಕೂಸನ್ನು ನನ್ನ ಕಾಲ ಮೇಲೆ ಹಾಕಿದಳು. ಎತ್ತಿಕೊಂಡೆ. ಕೂಸು ನನ್ನ ಮಗಳ ಕಡೆ ಕೈ ಚಾಚಿ ಅವಳ ಸೊಂಟಕ್ಕೆ ಜಿಗಿಯಿತು. ನನ್ನ ಮಗಳು ಅದನ್ನು ಹಿಡಿದುಕೊಂಡಳು. ಅದರ ಹುಬ್ಬನ್ನು ಬೆರಳಿನಿಂದ ಮುಟ್ಟಿ ನೋಡಿ, “ಸರಿಯಾಗೇ ಬರದೇನಿ” ಎಂದಳು.

ಆ ದಿನಗಳನ್ನು ಹೇಗೆ ಹೇಳಲಿ? ಹೆಸರು ಬಿದ್ದ ಆರನೆಯ ದಿನ ನಳಕ್ಕೆ ಹೋಗುವ ದಾರಿ ಕೇಳಿದಳು. ಒಂಬತ್ತನೆಯ ದಿನ ತುಂಗಿ ಬಂದಾಗ, ಈ ಕೂಸು ಯಾರದು ಎಂದಳು. ನಾನು ಅವಳಿಗೆ ಇಷ್ಟವಾದ ಹೆಸರುಬೇಳೆ ಪಾಯಸ ಮಾಡಿದೆ, ಅವಳು ಹುಟ್ಟಿದಾಗಿನಿಂದ ನಡೆದದ್ದೆಲ್ಲ ದಿನವಿಡೀ ಹೇಳಿದೆ, ಒಂದು ದಿನ ಹೊರಗಿನಿಂದ ಚಿಲಕ ಹಾಕಿ ಬಾಗಿಲಿಗೇ ಒರಗಿ ಕೂತೆ. ಅವಳು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು, ಬೇರೆ ಯಾರದೋ ಮನೆಯ ಸುದ್ದಿ ಕೇಳುವ ಹಾಗೆ. ಹನ್ನೆರಡನೆಯ ದಿನ ತಂದೆ ಕೆಲಸದಿಂದ ಬಂದಾಗ ಎದ್ದು ನಿಂತು ಸೆರಗಿಲ್ಲದ ಹೆಗಲನ್ನು ಸರಿಮಾಡಿಕೊಂಡು, “ಬರ್ರಿ, ಕೂಡ್ರಿ” ಎಂದಳು. ಅವನು ಬಂದ ಕಾಲಲ್ಲೇ ಭಟ್ಟಿಗೆ ಹೊರಟುಹೋದ. ನನ್ನನ್ನು ಮಾತ್ರ ಇನ್ನೂ ಎರಡು ದಿನ “ಯವ್ವಾ” ಎಂದಳು. ಹದಿನಾಲ್ಕನೆಯ ಬೆಳಿಗ್ಗೆ ಒಲೆಯ ಹತ್ತಿರ ಬಂದು, “ಊಟಕ್ಕ ಏನ ಮಾಡೀರಿ?” ಎಂದು ಕೇಳಿದಳು. ರೊಟ್ಟಿ ತಟ್ಟುತ್ತಿದ್ದ ಕೈ ನಿಂತಿತು. ಹೆತ್ತ ಮಗಳ ಬಾಯಲ್ಲಿ ಬಂದ ಆ ಮರ್ಯಾದೆ ನನ್ನನ್ನು ಮನೆಯಿಂದ ಹೊರಗೆ ಹಾಕಿದ ಹಾಗಿತ್ತು.

ಇಪ್ಪತ್ತೊಂದನೆಯ ದಿನ ಹೊತ್ತೇರಿದ ಮೇಲೆ ಮುಖದ ಬೆಲ್ಲಮಿಯೂ ಮುದುಕನಾದ ತಾಮ್ರದ ಬೆಲ್ಲಮಿಯೂ ಬಾಗಿಲಿಗೆ ಬಂದರು. “ನಮ್ಮ ತಂಗಿನ್ನ ಕರಕೊಂಡು ಹೋಗಲಿಕ್ಕೆ ಬಂದೇವ್ರಿ” ಎಂದರು. ಅವಳು ತಾನೇ ಚಪ್ಪಲಿ ಮೆಟ್ಟಿಕೊಂಡಳು. ಇಷ್ಟು ದಿನ ಇಟ್ಟುಕೊಂಡದ್ದಕ್ಕೆ ನನಗೆ ಕೈ ಮುಗಿದಳು. ಓಣಿಯ ಹೆಂಗಸರು ತಮ್ಮ ತಮ್ಮ ಮಕ್ಕಳ ಕಣ್ಣು ಮುಚ್ಚಿ ಒಳಗೆ ಎಳೆದುಕೊಂಡರು. ಮೂವರೂ ಬಿಳಿ ಧೂಳಿನಲ್ಲಿ ಮಾತಾಡಿಕೊಂಡು ಹೋದರು. ನನ್ನ ಮಗಳು ನಗುತ್ತಿದ್ದಳು.

ಗಾಜಿನ ಕಿಟಕಿಯ ಮನೆಯವರಿಗೆ ಬರೆಯಲು ಮುಖಗಳು ಬೇಕು. ಅದಕ್ಕೆ ಊರಿನವರು ಸರದಿಯ ಮೇಲೆ ಹೋಗಿ ಕೂಡುವ ಪದ್ಧತಿ ಇದೆ. ನಾಲ್ಕು ತಿಂಗಳ ಮೇಲೆ ನನ್ನ ಸರದಿ ಬಂತು. ಹೋಗುವ ಮುಂಚೆ ಕಾಶವ್ವ ಆಯಿ ನನ್ನ ಕೈ ಹಿಡಿದು ಹೇಳಿದಳು, “ನಾ ನಿಮ್ಮವ್ವ ಅಂತ ಮಾತ್ರ ಅನಬ್ಯಾಡ. ನಾ ಅಂದಿದ್ದೆ. ನನ್ನ ಮಗ ಕುಂಚ ಒಗದು ಮೂಲಿಗೆ ಹೋಗಿ ನಿಂತ. ಒಂದು ವರ್ಷ ಯಾವ ಮುದುಕಿ ಕಂಡ್ರೂ ಹೆದರತಿದ್ದ. ಅವರಿಗೆ ಗುರುತು ಬರೂದಿಲ್ಲವ್ವ. ಅಂಜಿಕಿ ಅಷ್ಟ ಬರತದ.”

ದೊಡ್ಡ ಕೋಣೆ, ಬಡಗಣ ಕಿಟಕಿಯಿಂದ ತಂಪು ಬೆಳಕು. ಹಲಗೆಯ ಹಿಂದೆ ನನ್ನ ಮಗಳು ನಿಂತಿದ್ದಳು. ಎರಡು ಬೆರಳಿನಷ್ಟು ಎತ್ತರವಾಗಿದ್ದಳು. ಎಡಗೈಯ ಸುಕ್ಕುಗಳು ಹೋಗಿದ್ದವು. “ಮುಖ ಸ್ವಲ್ಪ ಬೆಳಕಿಗೆ ತಿರಗಸ್ರಿ” ಎಂದಳು. ತಿರುಗಿಸಿದೆ. ಒಂದು ಕಣ್ಣು ಅರೆ ಮುಚ್ಚಿ ನನ್ನನ್ನು ನೋಡತೊಡಗಿದಳು. ಮನೆಯಲ್ಲಿ ಯಾವ ನೋಟಕ್ಕೆ ಹೆದರಿ ಅವಳ ಹೆಸರು ಕರೆಯುತ್ತಿದ್ದೆನೋ ಅದೇ ನೋಟ. ಈಗ ಅದರ ಎದುರು ಅಲುಗಾಡದೆ ಕೂತೆ. ಬೇರೆ ಯಾವ ತಾಯಿಯ ಮುಖವನ್ನು ಯಾವ ಮಗಳು ಅಷ್ಟು ಹೊತ್ತು ನೋಡಿದ್ದಾಳು?

ಸಂಜೆಗೆ ಇದ್ದಲಿ ಕೆಳಗಿಟ್ಟು ಹಾಳೆ ಹರಿದಳು. “ಇನ್ನೊಮ್ಮೆ ಬರಬೇಕಾಗತದ್ರಿ” ಎಂದಳು. ಮರುವಾರ ಹೋದೆ, ಮತ್ತೆ ಹರಿದಳು. ನಿನ್ನೆಗೆ ಏಳು ಸಲವಾಯಿತು. ಮನೆಗೆ ಬಂದರೆ ಗಂಡ ಬಾಗಿಲಲ್ಲಿ ನಿಂತಿರುತ್ತಾನೆ, ನನ್ನ ಮುಖವನ್ನೇ ನೋಡುತ್ತಾನೆ, ಅವಳು ನೋಡಿದ್ದು ಅಲ್ಲಿ ಏನಾದರೂ ಉಳಿದಿದೆಯೋ ಎಂಬಂತೆ.

ನಿನ್ನೆ ಅವಳು ಹಲಗೆ ಬಿಟ್ಟು ನನ್ನ ಹತ್ತಿರ ಬಂದಳು. ಇಷ್ಟು ಹತ್ತಿರ ಬಂದದ್ದು ಮನೆ ಬಿಟ್ಟ ಮೇಲೆ ಅದೇ ಮೊದಲು. ಅವಳ ತಲೆಯಿಂದ ಎಣ್ಣೆಯ ಬದಲು ಟರ್ಪೆಂಟೈನಿನ ವಾಸನೆ ಬರುತ್ತಿತ್ತು. ನನ್ನ ಗದ್ದವನ್ನು ಬೆರಳ ತುದಿಯಿಂದ ಮುಟ್ಟಿ ಒಂದು ಕಡೆ ತಿರುಗಿಸಿದಳು.

“ಎಲ್ಲಾರ ಮುಖಾನೂ ಒಂದ ದಿನಕ್ಕ ಸಿಗತಾವ” ಎಂದಳು. “ನಿಮ್ಮದು ಯಾಕ ಸಿಗವಲ್ದೋ ತಿಳಿವಲ್ದು. ಇನ್ನೇನು ಬಂತು ಅನ್ನೋದ್ರಾಗ ತಪ್ಪಿ ಹೋಗತದ. ನಿಮಗ ಬ್ಯಾಸರ ಇಲ್ಲಂದ್ರ ನಾಳೆನೂ ಬರತೀರೇನ್ರಿ?”

ಆ ಮುಖ ಅವಳಿಗೆ ಎಂದೂ ಸಿಗದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಸಿಕ್ಕ ದಿನ ಅವಳು ನನ್ನನ್ನು ಕರೆಯುವುದಿಲ್ಲ. ಎದ್ದು ಸೆರಗು ಸರಿಮಾಡಿಕೊಂಡೆ. ಬರತೇನವ್ವಾ ಎನ್ನಬೇಕೆಂದು ಬಾಯಿ ತೆರೆದೆ. ಅವಳ ಕಣ್ಣು ನೋಡಿ, ಎಲ್ಲಿ ಅಂಜಿಬಿಡುತ್ತಾಳೋ ಎಂದು ಭಯವಾಯಿತು.

“ಬರತೇನ್ರಿ” ಎಂದೆ.